ಸೋಲಾರ್ ಡಿಶ್, ಭೂತಗನ್ನಡಿ, ದುರ್ಬೀನು: ಕೂಡಿಸಿದ ಬಿಸಿಲಿನಿಂದ ಮೈ-ಕಣ್ಣು ಕಾಪಾಡಿಕೊಳ್ಳುವ ಬಗೆ

ಪಾವಗಡ, ಮಧುಗಿರಿ, ಶಿರಾ ಕಡೆಯವರಿಗೆ ಬಿಸಿಲಿನ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡು, ಹನ್ನೆರಡರೊಳಗೆ ಹೊಲದ ಕೆಲಸ ಮುಗಿಸಿ, ಹೊಂಗೆ ಮರದ ನೆರಳಿಗೆ ಬಂದು ಕೂರುವುದು ಚಿಕ್ಕಂದಿನಿಂದ ಬಂದ ಅಭ್ಯಾಸ. ಆದರೆ ಕನ್ನಡಿಯೋ ಮಸೂರವೋ ಒಂದೇ ಕಡೆ ಕೂಡಿಸಿದ ಬಿಸಿಲಿನ ರೀತಿಯೇ ಬೇರೆ. ಬರೀ ಬಿಸಿಲು ತಡೆಯೋಕಾಗದಿದ್ದರೆ ಪಕ್ಕಕ್ಕೆ ಸರಿಯುತ್ತೇವೆ. ಕೂಡಿಸಿದ ಬಿಸಿಲು ಸರಿಯುವುದಕ್ಕೆ ಪುರಸೊತ್ತು ಕೊಡುವುದಿಲ್ಲ. ಕಣ್ಣಿಗೆ ಬಿದ್ದರಂತೂ ಸುಟ್ಟದ್ದೇ ಗೊತ್ತಾಗುವುದಿಲ್ಲ.

ಈಗ ನಮ್ಮ ಕಡೆ ಕೆಲವು ಮನೆ, ಹಾಸ್ಟೆಲ್‌ಗಳ ತಾರಸಿ ಮೇಲೆ ಅಡುಗೆಯ ಸೋಲಾರ್ ಡಿಶ್ ಕಾಣುತ್ತದೆ. ಹೈಸ್ಕೂಲ್ ಮಕ್ಕಳು ವಿಜ್ಞಾನ ವಸ್ತುಪ್ರದರ್ಶನಕ್ಕೆ ಅಂತ ಹಳೇ ಡಿಟಿಎಚ್ ಡಿಶ್‌ಗೆ ಕನ್ನಡಿ ಚೂರು ಅಂಟಿಸಿ ಒಲೆ ಮಾಡುತ್ತಾರೆ. ನನಗೆ ಇವೆಲ್ಲ ತುಂಬಾ ಇಷ್ಟ. ಸೌದೆ ಉಳಿಯುತ್ತದೆ, ಗ್ಯಾಸ್ ಉಳಿಯುತ್ತದೆ, ಹೊಗೆ ಇಲ್ಲ. ಆದರೆ ಒಂದು ಸಲ ಯಾರಿಗಾದರೂ ಸುಟ್ಟರೆ ಸಾಕು, ಮನೆಯವರು ಹೆದರಿ ಡಿಶ್ ಅನ್ನು ಮೂಲೆಗೆ ಹಾಕುತ್ತಾರೆ. ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಅನುಮಾನ ಬಗೆಹರಿಸಿಬಿಡೋಣ. ತಿರುಮಣಿ, ವಳ್ಳೂರು ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿರುವ 2,050 ಮೆಗಾವಾಟ್ ಸೋಲಾರ್ ಪಾರ್ಕ್‌ನ ಪ್ಯಾನೆಲ್‌ಗಳು ಬಿಸಿಲನ್ನು ಕೂಡಿಸುವುದಿಲ್ಲ. ಅವು ಚಪ್ಪಟೆ. ಬೆಳಕನ್ನು ಆದಷ್ಟು ಹೀರಿಕೊಳ್ಳಲಿ ಅಂತಲೇ ಮಾಡಿದವು. ಅವುಗಳ ಪಕ್ಕದಲ್ಲಿ ಕುರಿ ಮೇಯಿಸಿದರೆ ಏನೂ ಆಗುವುದಿಲ್ಲ. ನಡುಮಧ್ಯಾಹ್ನ ಬರಿಗೈಯಲ್ಲಿ ಫ್ರೇಮ್ ಮುಟ್ಟಬೇಡಿ, ಅಷ್ಟೇ. ನಾನು ಹೇಳಹೊರಟಿರುವುದು ಬಾಗಿದ ಕನ್ನಡಿ ಮತ್ತು ಮಸೂರಗಳ ವಿಷಯ.

ಸುಡುವುದು ಎಲ್ಲಿ, ಎಷ್ಟು

ಮೋಡವಿಲ್ಲದ ಮಧ್ಯಾಹ್ನ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1,000 ವಾಟ್ ಬಿಸಿಲು ಬೀಳುತ್ತದೆ. ಅಂಗಡಿಯಲ್ಲಿ ಸಿಗುವ ಅಡುಗೆ ಡಿಶ್‌ನ ಅಡ್ಡಳತೆ ಸಾಮಾನ್ಯವಾಗಿ 1.4 ಮೀಟರ್. ಅದರ ಮೇಲೆ ಬೀಳುವುದು ಒಂದೂವರೆ ಚದರ ಮೀಟರಿನಷ್ಟು ಬಿಸಿಲು. ಕನ್ನಡಿಯಲ್ಲಿ ಸ್ವಲ್ಪ ಕಳೆದುಹೋದರೂ ಸಾವಿರ ವಾಟ್‌ನಷ್ಟು ಬಿಸಿಲು ಅಂಗೈಯಗಲದ ಜಾಗಕ್ಕೆ ಬಂದು ಸೇರುತ್ತದೆ. ಅಲ್ಲಿ ಬಿಸಿಲು ಹೆಚ್ಚುಕಮ್ಮಿ ನೂರು ಪಟ್ಟು. ನಮ್ಮ ಚರ್ಮಕ್ಕೆ ಹತ್ತು ಪಟ್ಟು ಬಿಸಿಲು ಬಿದ್ದರೇ ಐದಾರು ಸೆಕೆಂಡಿನಲ್ಲಿ ತಡೆಯಲಾರದ ನೋವಾಗುತ್ತದೆ. ನೂರು ಪಟ್ಟು ಅಂದರೆ ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಸುಟ್ಟಿರುತ್ತದೆ.

ಸಣ್ಣದು ಅಂತ ಭೂತಗನ್ನಡಿಯನ್ನು ಹಗುರವಾಗಿ ಕಾಣಬೇಡಿ. ಏಳೂವರೆ ಸೆಂಟಿಮೀಟರ್ ಅಗಲದ ಮಸೂರ ಹಿಡಿಯುವುದು ನಾಲ್ಕು ವಾಟ್ ಮಾತ್ರ. ಆದರೆ ಅಷ್ಟನ್ನೂ ಎರಡು ಮಿಲಿಮೀಟರ್ ಚುಕ್ಕೆಗೆ ತಂದು ಇಳಿಸುತ್ತದೆ. ಅಲ್ಲಿ ಸಾವಿರ ಪಟ್ಟಿನ ಆಸುಪಾಸು ಬಿಸಿಲು. ಮಕ್ಕಳು "ಯಾರು ಜಾಸ್ತಿ ಹೊತ್ತು ತಡೀತಾರೆ" ಅಂತ ಒಬ್ಬರ ಕೈಮೇಲೆ ಒಬ್ಬರು ಬಿಟ್ಟುಕೊಳ್ಳುವುದುಂಟು. ಗಾಯ ಸಾಸಿವೆ ಕಾಳಿನಷ್ಟಿದ್ದರೂ ಆಳಕ್ಕೆ ಇಳಿದಿರುತ್ತದೆ, ಕಲೆ ಹೋಗುವುದಿಲ್ಲ. ಕಪ್ಪು ಮಚ್ಚೆ, ಕೂದಲು ಇದ್ದ ಕಡೆ ಇನ್ನೂ ಬೇಗ ಸುಡುತ್ತದೆ.

ಸೌದೆ ಒಲೆಯಲ್ಲಿ ಉರಿ ಕಾಣುತ್ತದೆ, ಗ್ಯಾಸ್ ಒಲೆಯಲ್ಲಿ ಸದ್ದಾದರೂ ಕೇಳುತ್ತದೆ. ಡಿಶ್‌ನ ಉರಿ ಇರುವುದು ಬರೀ ಗಾಳಿಯಲ್ಲಿ. ಅಲ್ಲಿ ಏನೂ ಕಾಣುವುದಿಲ್ಲ. ಹೊಸಬರು ಕೈ ಹಾಕುವುದು ಅದಕ್ಕೇ.

ಹೆಜ್ಜೆ 1: ಮನೆಯಲ್ಲಿ ಏನೇನಿದೆ ನೋಡಿ

ಡಿಶ್ ಇಲ್ಲದವರೂ ಇದನ್ನು ಮಾಡಬೇಕು. ಶೇವಿಂಗ್‌ಗೆ ಬಳಸುವ, ಮುಖ ದೊಡ್ಡದಾಗಿ ತೋರಿಸುವ ಕನ್ನಡಿ. ಅಜ್ಜ ಪೇಪರ್ ಓದುವ ಭೂತಗನ್ನಡಿ. ನೀರು ತುಂಬಿಟ್ಟ ದುಂಡನೆಯ ಗಾಜಿನ ಬಾಟಲಿ. ಒಳಗೆ ಫಳಫಳ ಹೊಳೆಯುವ ಹೊಸ ಸ್ಟೀಲ್ ಬೋಗುಣಿ. ಇವೆಲ್ಲ ಕಿಟಕಿ ಪಕ್ಕದಲ್ಲೋ ತಾರಸಿ ಮೇಲೋ ನೇರ ಬಿಸಿಲಿಗೆ ಇರಬಾರದು. ಹುಲ್ಲಿನ ಬಣವೆ, ಒಣಗಲು ಹಾಕಿದ ಕೊಬ್ಬರಿ, ಕಡಲೆಕಾಯಿ ಸಿಪ್ಪೆ ಇರುವ ಕಡೆ ಗಾಜಿನ ಬಾಟಲಿ ಎಸೆಯಬೇಡಿ.

ಗುಜರಿ ಅಂಗಡಿಯಲ್ಲಿ ಹಳೇ ಓವರ್‌ಹೆಡ್ ಪ್ರೊಜೆಕ್ಟರಿನ ಪ್ಲಾಸ್ಟಿಕ್ ಹಾಳೆ ಸಿಗುತ್ತದೆ. ವೃತ್ತದೊಳಗೆ ವೃತ್ತ ಗೀರಿದ ಹಾಗಿರುತ್ತದೆ, ಹೆಸರು ಫ್ರೆನೆಲ್ ಮಸೂರ. ಯೂಟ್ಯೂಬ್ ನೋಡಿ ಹುಡುಗರು ಇದನ್ನು ಹುಡುಕಿಕೊಂಡು ಹೋಗುತ್ತಾರೆ. ಒಂದು ಅಡಿ ಉದ್ದಗಲದ ಹಾಳೆ ಸುಮಾರು 90 ವಾಟ್ ಬಿಸಿಲನ್ನು ಬೆರಳ ತುದಿಯಷ್ಟು ಜಾಗಕ್ಕೆ ತರುತ್ತದೆ, ತವರ ಕರಗಿ ಹರಿಯುತ್ತದೆ. ಇದು ಮಕ್ಕಳ ಕೈಗೆ ಕೊಡುವ ವಸ್ತುವಲ್ಲ. ಮನೆಯಲ್ಲಿದ್ದರೆ ರಟ್ಟಿನೊಳಗೆ ಸುತ್ತಿ ಬೀರುವಿನಲ್ಲಿಡಿ.

ಬಾಗಿದ ಹೊಳಪು ಎಲ್ಲಿದ್ದರೂ ಇದೇ ಕಥೆ. 2013ರಲ್ಲಿ ಲಂಡನ್ನಿನ ಒಂದು ಹೊಸ ಬಹುಮಹಡಿ ಕಟ್ಟಡದ ಒಳಬಾಗಿದ ಗಾಜಿನ ಗೋಡೆ ಎದುರು ರಸ್ತೆಗೆ ಬಿಸಿಲು ಕೂಡಿಸಿ, ಅಲ್ಲಿ ನಿಲ್ಲಿಸಿದ್ದ ಕಾರಿನ ಪ್ಲಾಸ್ಟಿಕ್ ಭಾಗಗಳು ಕರಗಿದ್ದವು. ಅಂಥಾ ಮೋಡದ ಊರಿನಲ್ಲೇ ಹೀಗೆ.

ಹೆಜ್ಜೆ 2: ಫೋಕಸ್ ಎಲ್ಲಿದೆ ಅಂತ ಗುರುತು ಮಾಡಿಕೊಳ್ಳಿ

ಇದೇ ಎಲ್ಲಕ್ಕಿಂತ ಮುಖ್ಯ. ಬಿಸಿಲೆಲ್ಲ ಬಂದು ಕೂಡುವ ಜಾಗವೇ ಫೋಕಸ್, ಪಠ್ಯಪುಸ್ತಕದಲ್ಲಿ ಸಂಗಮ ಬಿಂದು ಅನ್ನುತ್ತಾರೆ. ಅದು ಎಲ್ಲಿದೆ ಅಂತ ಮನೆಯ ಪ್ರತಿಯೊಬ್ಬರಿಗೂ ಕೈ ತೋರಿಸಿ ಹೇಳುವಷ್ಟು ಗೊತ್ತಿರಬೇಕು.

ಬೆಳಗ್ಗೆ ಎಂಟರ ಎಳೆ ಬಿಸಿಲಿನಲ್ಲಿ ಮಾಡಿ. ಡಿಶ್‌ಗೆ ಗೋಣಿಚೀಲ ಹೊದಿಸಿ, ನಡುವೆ ಅಂಗೈಯಗಲ ಮಾತ್ರ ಬಿಡಿ. ಮಾರುದ್ದದ ಕೋಲಿನ ತುದಿಗೆ ರಟ್ಟಿನ ಚೂರು ಸಿಕ್ಕಿಸಿ. ಡಿಶ್‌ನ ಹಿಂದೆಯೋ ಪಕ್ಕದಲ್ಲೋ ನಿಂತು ರಟ್ಟನ್ನು ಹಿಂದೆ ಮುಂದೆ ಆಡಿಸಿ. ಬೆಳಕಿನ ಮಚ್ಚೆ ಎಲ್ಲಿ ಅತಿ ಚಿಕ್ಕದಾಗುತ್ತದೋ ಅದೇ ಫೋಕಸ್. ನಿಮ್ಮ ಕಣ್ಣು ರಟ್ಟಿನ ಮೇಲಿರಲಿ, ಕನ್ನಡಿಯ ಮೇಲೆ ಬೇಡ. ಪಾತ್ರೆ ಕೂರಿಸುವ ಕಬ್ಬಿಣದ ಬಳೆ ಅಲ್ಲೇ ಇದೆಯಾ ನೋಡಿ. ಊದುಬತ್ತಿ ಹೊಗೆ ಆ ಕಡೆ ಹಾಯುವಂತೆ ಹಿಡಿದರೆ ಬೆಳಕು ಶಂಕುವಿನ ಆಕಾರದಲ್ಲಿ ಕೂಡುವುದೂ ಕಾಣುತ್ತದೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೇ ದಾರಿ ಇಲ್ಲ.

ಹೊತ್ತೇರಿದ ಮೇಲೆ ಡಿಶ್ ಪೂರ್ತಿ ತೆರೆದು ಒಣ ಬಿದಿರಿನ ಉದ್ದ ಕೋಲನ್ನು ಅದೇ ಜಾಗಕ್ಕೆ ಹಿಡಿದು ನೋಡಿ. ತುದಿ ಮೊದಲು ಕಣ್ಣು ಕೋರೈಸುವ ಹಾಗೆ ಹೊಳೆಯುತ್ತದೆ. ನೋಡುನೋಡುತ್ತ ಕಂದಾಗಿ, ಕಪ್ಪಾಗಿ, ಉರಿಯೇ ಇಲ್ಲದೆ ತೆಳ್ಳಗೆ ಹೊಗೆ ಏಳುತ್ತದೆ. ಗಾಳಿ ಬೀಸಿದರೆ ಕೆಂಡ. ಎರಡು ಗೇಣು ಈಚೆಗೆ ಅದೇ ಕೋಲು ಮುಟ್ಟಿದರೆ ಏನೂ ಬಿಸಿ ಇಲ್ಲ. ಅಪಾಯಕ್ಕೂ ಕ್ಷೇಮಕ್ಕೂ ನಡುವೆ ಇರುವ ದೂರ ಅಷ್ಟೇ. ಹೊಳೆಯುವ ತುದಿಯನ್ನು ದಿಟ್ಟಿಸಬೇಡಿ, ಕಪ್ಪು ಕನ್ನಡಕ ಹಾಕಿಕೊಂಡು ಓರೆಗಣ್ಣಿನಲ್ಲಿ ನೋಡಿದರೆ ಸಾಕು.

ಕಂಪನಿಯವರು ಮಾಡಿದ ಆಳವಾದ ಡಿಶ್‌ನಲ್ಲಿ ಫೋಕಸ್ ಅಂಚಿನ ಮಟ್ಟಕ್ಕಿಂತ ಒಳಗೇ ಇರುತ್ತದೆ. 1.4 ಮೀಟರಿನ ಡಿಶ್‌ನಲ್ಲಿ ತಳದಿಂದ ಸುಮಾರು 28 ಸೆಂಟಿಮೀಟರ್ ಮೇಲೆ, ಅಂಚು 44 ಸೆಂಟಿಮೀಟರ್ ಎತ್ತರದಲ್ಲಿ. ಬೇಕೆಂದೇ ಹಾಗೆ ಮಾಡಿದ್ದಾರೆ, ದಾರಿಯಲ್ಲಿ ಹೋಗುವವರಿಗೆ ತಗುಲಬಾರದು ಅಂತ. ಡಿಟಿಎಚ್ ಡಿಶ್‌ನದು ಹಾಗಲ್ಲ. ಅದು ಆಳ ಕಮ್ಮಿ. ಫೋಕಸ್ ಹೊರಗೆ, ಕೆಳ ಅಂಚಿನಿಂದ ಮುಂದಕ್ಕೆ ಚಾಚಿದ ಕಂಬಿಯ ತುದಿಯಲ್ಲಿ, ಮೊದಲು ಎಲ್‌ಎನ್‌ಬಿ (ಸಿಗ್ನಲ್ ಹಿಡಿಯುವ ಡಬ್ಬಿ) ಕೂತಿದ್ದ ಜಾಗದಲ್ಲಿ ಇರುತ್ತದೆ. ಮೇಜಿನ ಮೇಲಿಟ್ಟರೆ ಸರಿಯಾಗಿ ಮಕ್ಕಳ ಮುಖದ ಎತ್ತರಕ್ಕೆ ಬರುತ್ತದೆ. ಕಂಬಿಯನ್ನು ಕಿತ್ತುಹಾಕಿದ ಮೇಲೆ ಫೋಕಸ್ ಎಲ್ಲಿ ಅಂತ ಹೇಳುವ ಗುರುತೇ ಉಳಿಯುವುದಿಲ್ಲ. ಆದ್ದರಿಂದ ಕಂಬಿ ಹಾಗೇ ಇರಲಿ, ತುದಿಗೆ ಕೆಂಪು ಬಣ್ಣ ಬಳಿಯಿರಿ. ಪ್ರದರ್ಶನದಲ್ಲಿ ಸುತ್ತ ಹಗ್ಗ ಕಟ್ಟಿ, ಡಿಶ್ ನೆಲದ ಮೇಲಿರಲಿ, ಪಕ್ಕದಲ್ಲಿ ಒಬ್ಬರು ದೊಡ್ಡವರು ನಿಂತೇ ಇರಲಿ. ಮೇಷ್ಟ್ರುಗಳಲ್ಲಿ ನನ್ನ ವಿನಂತಿ ಇದು: ಜನ ಇಲ್ಲದ ಹೊತ್ತಿನಲ್ಲಿ ಡಿಶ್ ತೆರೆದಿಡಬೇಡಿ.

ಹೆಜ್ಜೆ 3: ಇಡುವ ಜಾಗ

ಓಡಾಡುವ ದಾರಿಗೆ ಡಿಶ್‌ನ ಬೆನ್ನು ಬರಬೇಕು. ಬಟ್ಟೆ ಒಣಹಾಕುವ ತಂತಿ, ನೀರಿನ ಟ್ಯಾಂಕಿನ ಪೈಪು, ಮಗು ಆಡುವ ಜಾಗ ಇವು ಮುಂದೆ ಇರಬಾರದು. ಗಾಳಿಗೆ ಉರುಳದ ಹಾಗೆ ಕಾಲಿಗೆ ಕಲ್ಲು ಕಟ್ಟಿ; ಆಷಾಢದ ಗಾಳಿ ಗೊತ್ತಲ್ವಾ.

ಡಿಸೆಂಬರಿನಲ್ಲಿ ನಮ್ಮ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸುಮಾರು 37 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ, ಆಗ ಡಿಶ್ ದಕ್ಷಿಣಕ್ಕೆ ಮುಖ ಮಾಡುತ್ತದೆ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದ ಹೊತ್ತಿಗೆ ಸೂರ್ಯ ತುಮಕೂರು ಜಿಲ್ಲೆಯ ನೆತ್ತಿ ಮೇಲೇ ಬರುತ್ತಾನೆ. ಆಗ ಡಿಶ್ ಆಕಾಶಕ್ಕೆ ಬಾಯಿ ತೆರೆದು ಮಲಗುತ್ತದೆ, ಪಾತ್ರೆ ನೋಡಲು ಬಗ್ಗಿದರೆ ಮುಖ ಸೀದಾ ಅದರ ಮೇಲೆ. ಬೇಸಿಗೆಯಲ್ಲಿ ಹೆಚ್ಚು ಹುಷಾರಾಗಿರಬೇಕಾದದ್ದು ಈ ಕಾರಣಕ್ಕೆ.

ಹೆಜ್ಜೆ 4: ಅಡುಗೆ ಮಾಡುವಾಗ

ನೈಲಾನ್, ಪಾಲಿಯೆಸ್ಟರ್ ಬಟ್ಟೆ ಬೇಡ. ಅದು ಕರಗಿ ಮೈಗೆ ಅಂಟುತ್ತದೆ, ಆಮೇಲೆ ಕೀಳುವುದೇ ಕಷ್ಟ. ಹತ್ತಿ ಬಟ್ಟೆ ಉಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಡೆ ಎತ್ತಿ ಕಟ್ಟಿ. ಲೋಹದ ಬಳೆ, ಉಂಗುರ ತೆಗೆದಿಡಿ, ಕಾದರೆ ಚರ್ಮಕ್ಕೆ ಬರೆ ಎಳೆದ ಹಾಗಾಗುತ್ತದೆ. ಕಪ್ಪು ಕನ್ನಡಕ ಹಾಕಿಕೊಳ್ಳಿ. ಅದು ಕೋರೈಸುವಿಕೆ ಕಮ್ಮಿ ಮಾಡಲು ಮಾತ್ರ. ಕನ್ನಡಿಯೊಳಗಿನ ಸೂರ್ಯನನ್ನು ನೋಡುವುದಕ್ಕೆ ಪರವಾನಗಿ ಅಲ್ಲ.

ಕ್ರಮ ಹೀಗಿರಲಿ. ಡಿಶ್ ಮುಚ್ಚಿರುವಾಗಲೇ ಪಾತ್ರೆ ಇಡಿ. ಆಮೇಲೆ ಹೊದಿಕೆ ತೆಗೆಯಿರಿ. ಇಳಿಸುವಾಗ ಮೊದಲು ಹೊದಿಸಿ, ಆಮೇಲೆ ಪಾತ್ರೆಗೆ ಕೈ ಹಾಕಿ. ಎಷ್ಟೇ ಅವಸರ ಇದ್ದರೂ ಇದನ್ನು ತಪ್ಪಿಸಬೇಡಿ. ಪಾತ್ರೆ ಇದ್ದಾಗ ಬಿಸಿಲು ಪಾತ್ರೆಗೆ ಬೀಳುತ್ತಿರುತ್ತದೆ. ಪಾತ್ರೆ ಎತ್ತಿದ ಕ್ಷಣ ಅಷ್ಟೂ ಬಿಸಿಲು ನಿಮ್ಮ ಮುಂಗೈ, ಮೊಣಕೈಗೆ ಬೀಳುತ್ತದೆ. ಡಿಶ್ ಅಡುಗೆಯಲ್ಲಿ ಸುಟ್ಟುಕೊಳ್ಳುವ ಮುಖ್ಯ ಜಾಗವೇ ಇದು.

ಅನ್ನ, ಬೇಳೆ, ಹಸಿ ಕಡಲೆಕಾಯಿ ಬೇಯಿಸುವುದಕ್ಕೆ ಡಿಶ್ ಹೇಳಿಮಾಡಿಸಿದ್ದು. ಇಟ್ಟು ದೂರ ಸರಿಯಬಹುದು. ಮುದ್ದೆಯನ್ನು ಮಾತ್ರ ಡಿಶ್ ಮೇಲೆ ತಿರುವಬೇಡಿ. ಮುದ್ದೆ ಕೋಲು ಹಿಡಿದು ಎರಡೂ ಕೈ ಬಲ ಹಾಕಿ, ಪಾತ್ರೆಯ ಮೇಲೆ ಬಗ್ಗಿ ತಿರುವಬೇಕು. ಮುಖ, ಎದೆ, ಕೈ ಎಲ್ಲವೂ ಬೆಳಕಿನ ದಾರಿಯಲ್ಲೇ ಇರುತ್ತವೆ. ಪಾತ್ರೆ ಸ್ವಲ್ಪ ಜರುಗಿದರೂ ಫೋಕಸ್ ಮುಂಗೈಗೆ. ಡಿಶ್ ಮೇಲೆ ಎಸರು ಕಾಯಿಸಿ, ಹಿಟ್ಟು ಹಾಕಿ ಬೇಯಲು ಬಿಡಿ. ಆಮೇಲೆ ಡಿಶ್ ಮುಚ್ಚಿ, ಪಾತ್ರೆ ಇಳಿಸಿ, ನೆರಳಿಗೆ ತಂದು ಕಾಲಿನಲ್ಲಿ ಒತ್ತಿ ಹಿಡಿದು ತಿರುವಿ. ಮುದ್ದೆ ಚೆನ್ನಾಗೇ ಆಗುತ್ತದೆ. ಒಗ್ಗರಣೆಯೂ ಕೆಳಗೇ ಆಗಲಿ.

ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಡಿಶ್ ತಿರುಗಿಸದಿದ್ದರೆ ಫೋಕಸ್ ಪಾತ್ರೆಯ ತಳದಿಂದ ಪಕ್ಕಕ್ಕೆ, ಅಲ್ಲಿಂದ ಹಿಡಿಗೆ ಹತ್ತುತ್ತದೆ. ಪ್ಲಾಸ್ಟಿಕ್ ಹಿಡಿಯ ಪಾತ್ರೆ ಬಳಸಬಾರದು ಅನ್ನುವುದು ಇದಕ್ಕೇ. ತಿರುಗಿಸುವಾಗ ಪಾತ್ರೆಯನ್ನಾಗಲಿ ಸೂರ್ಯನನ್ನಾಗಲಿ ನೋಡುತ್ತ ಹೊಂದಿಸಬೇಡಿ. ಡಿಶ್ ಅಂಚಿನಲ್ಲಿ, ಅದು ಮುಖ ಮಾಡಿದ ದಿಕ್ಕಿಗೇ ನೇರವಾಗಿ ಒಂದು ಮೊಳೆ ನಿಲ್ಲಿಸಿ. ಮೊಳೆಯ ನೆರಳು ಇಲ್ಲವಾದಾಗ ಡಿಶ್ ಸೂರ್ಯನಿಗೆ ಸರಿಯಾಗಿದೆ ಅಂತ ಅರ್ಥ.

ಮೋಡ ಬಂದಾಗ ಸುಮ್ನೆ ಕೈ ಹಾಕುವವರೇ ಜಾಸ್ತಿ. "ಬಿಸಿಲೇ ಇಲ್ವಲ್ಲ" ಅಂತ ಹೊದಿಸದೆ ಪಾತ್ರೆ ಸರಿಸಲು ಹೋಗುತ್ತಾರೆ. ಮೋಡ ಸರಿದರೆ ಸಾವಿರ ವಾಟ್ ಒಂದೇ ಸಲ ಬರುತ್ತದೆ. ಮೋಡವಿದ್ದರೂ ಹೊದಿಸಿಯೇ ಮುಟ್ಟಿ.

ಫೋಕಸ್ ದಾಟಿದ ಮೇಲೆ ಬೆಳಕು ಮತ್ತೆ ಹರಡಿಕೊಳ್ಳುತ್ತದೆ. ಮೂರು ನಾಲ್ಕು ಮೀಟರ್ ಆಚೆ ನಿಂತವರ ಚರ್ಮ ಸುಡುವುದಿಲ್ಲ. ಕಣ್ಣಿಗೆ ಮಾತ್ರ ಈ ರಿಯಾಯಿತಿ ಇಲ್ಲ, ಎಷ್ಟು ದೂರದಿಂದ ನೋಡಿದರೂ ಕನ್ನಡಿಯಲ್ಲಿ ಕಾಣುವುದು ಸೂರ್ಯನೇ.

ಶಿರಡಿಯ ಸಾಯಿ ಸಂಸ್ಥಾನದ ಪ್ರಸಾದಾಲಯಕ್ಕೆ 2009ರಲ್ಲಿ 73 ದೊಡ್ಡ ಡಿಶ್‌ಗಳನ್ನು ಕೂರಿಸಿದರು. ಅಲ್ಲಿ ಡಿಶ್‌ಗಳು ತಾರಸಿಯಲ್ಲಿ ಹಬೆ ಮಾಡುತ್ತವೆ, ಹಬೆ ಪೈಪಿನಲ್ಲಿ ಅಡುಗೆಮನೆಗೆ ಇಳಿಯುತ್ತದೆ. ಬಾಣಸಿಗರು ಫೋಕಸ್ ಹತ್ತಿರ ಹೋಗುವ ಪ್ರಮೇಯವೇ ಇಲ್ಲ. ಹಾಸ್ಟೆಲ್, ಮಠಗಳಲ್ಲಿ ದೊಡ್ಡ ಮಟ್ಟದಲ್ಲಿ ಮಾಡುವ ಯೋಚನೆ ಇದ್ದರೆ ಈ ರೀತಿಯದನ್ನೇ ಹಾಕಿಸಿ.

ಹೆಜ್ಜೆ 5: ಮುಗಿದ ಮೇಲೆ

ಡಿಶ್ ಅನ್ನು ಸೂರ್ಯನಿಂದ ಬೇರೆ ದಿಕ್ಕಿಗೆ ತಿರುಗಿಸಿ, ಬೆಳಕು ದಾಟದ ದಪ್ಪ ಬಟ್ಟೆ ಹೊದಿಸಿ, ಹಗ್ಗ ಬಿಗಿಯಿರಿ. ಬರೀ ತಿರುಗಿಸಿಟ್ಟರೆ ಸಾಲದು, ಸಂಜೆ ಹೊತ್ತಿಗೆ ಸೂರ್ಯ ಅಲ್ಲಿಗೂ ಬರುತ್ತಾನೆ.

ಕಣ್ಣಿನ ವಿಷಯ

ನಮ್ಮ ಕಣ್ಣೊಳಗೇ ಒಂದು ಮಸೂರ ಇದೆ. ಸೂರ್ಯನನ್ನು ನೇರ ನೋಡಿದರೆ ಅದು ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಮೇಲೆ ಸೂರ್ಯನ ಚುಕ್ಕೆ ಮೂಡಿಸುತ್ತದೆ. ಚುಕ್ಕೆಯ ಅಗಲ ಮಿಲಿಮೀಟರಿನ ಆರನೇ ಒಂದು ಪಾಲು. ಅದು ಬೀಳುವುದು ಅಕ್ಷರ ಓದುವ, ಮುಖ ಗುರುತಿಸುವ ನಟ್ಟನಡುವಿನ ಜಾಗಕ್ಕೇ. ರೆಟಿನಾಕ್ಕೆ ನೋವು ತಿಳಿಸುವ ನರಗಳಿಲ್ಲ. ಹೀಗಾಗಿ ಅಲ್ಲಿ ಹಾನಿ ಆಗುತ್ತಿದ್ದರೂ "ಸಾಕು, ಮುಖ ತಿರುಗಿಸು" ಅಂತ ಮೈ ಹೇಳುವುದಿಲ್ಲ. ಹೆಚ್ಚಿನ ಹಾನಿ ಬಿಸಿಯಿಂದಲೂ ಅಲ್ಲ, ನೀಲಿ ಬೆಳಕು ಜೀವಕೋಶಗಳಲ್ಲಿ ಮಾಡುವ ರಾಸಾಯನಿಕ ಬದಲಾವಣೆಯಿಂದ.

ಫೋಕಸ್ ಹತ್ತಿರ ಕಣ್ಣು ಹೋದರೆ ಡಿಶ್ ಪೂರ್ತಿ ಸೂರ್ಯನೇ ತುಂಬಿಕೊಂಡಂತೆ ಕಾಣುತ್ತದೆ. ಆಗ ಚುಕ್ಕೆಯ ಬದಲು ರೆಟಿನಾದ ದೊಡ್ಡ ಭಾಗವೇ ಸುಡುತ್ತದೆ. ಪಕ್ಕಕ್ಕೆ ಹರಿದುಹೋಗಲು ಶಾಖಕ್ಕೆ ಜಾಗವೇ ಇರುವುದಿಲ್ಲ. ದುರ್ಬೀನಿನಲ್ಲೂ ಹೀಗೇ. ಹತ್ತು ಪಟ್ಟು ದೊಡ್ಡದು ಮಾಡುವ ದುರ್ಬೀನು ಪಾಪೆಯೊಳಗೆ ನೂರು ಪಟ್ಟು ಬೆಳಕು ತಳ್ಳುತ್ತದೆ. ದೇವರಾಯನದುರ್ಗದ ಮೇಲೆ ಹಕ್ಕಿ ನೋಡುತ್ತಾ ದುರ್ಬೀನು ತಿರುಗಿಸುವಾಗ ಸೂರ್ಯನ ದಿಕ್ಕು ಯಾವುದು ಅಂತ ಮೊದಲೇ ನೋಡಿಕೊಳ್ಳಿ. ಮಕ್ಕಳ ಕೈಗೆ ಕೊಟ್ಟಾಗ ಸೂರ್ಯನನ್ನು ಬೆನ್ನಿಗೆ ಮಾಡಿ ನಿಲ್ಲಿಸಿ.

ಗ್ರಹಣದ ದಿನ ಸೂರ್ಯನಿಂದ ಬೇರೆ ಥರದ ವಿಷವೇನೂ ಬರುವುದಿಲ್ಲ. 2019ರ ಡಿಸೆಂಬರ್ 26ರಂದು ಕೊಡಗಿನ ಕಡೆ ಕಂಕಣ ಗ್ರಹಣ ಕಂಡಾಗ ನಮ್ಮಲ್ಲಿ ಸೂರ್ಯನ ಹತ್ತರಲ್ಲಿ ಒಂಬತ್ತು ಪಾಲು ಮುಚ್ಚಿತ್ತು. ಬೆಳಕು ಮಂಕಾದಾಗ ಪಾಪೆ ಅಗಲವಾಗುತ್ತದೆ, ದಿಟ್ಟಿಸಿ ನೋಡಲೂ ಆಗುತ್ತದೆ. ಆದರೆ ಉಳಿದ ಆ ಒಂದು ಎಳೆ ಎಂದಿನಷ್ಟೇ ಪ್ರಖರ. ತೊಂದರೆ ಇರುವುದು ಇಲ್ಲಿ. ಎಕ್ಸ್‌ರೇ ಫಿಲಂ, ಮಸಿ ಹಿಡಿದ ಗಾಜು, ಸಾಮಾನ್ಯ ಕೂಲಿಂಗ್ ಗ್ಲಾಸ್ ಯಾವುದೂ ಸಾಲದು. ಹಿರಿಯರು ಹೇಳುವ ಅರಿಶಿನ ನೀರು, ಸಗಣಿ ನೀರಿನಲ್ಲಿ ನೋಡುವುದೂ ಬೇಡ. ನೀರು ನೂರರಲ್ಲಿ ಎರಡು ಪಾಲು ಬೆಳಕು ಹಿಂದಕ್ಕೆ ಕೊಡುತ್ತದೆ, ಕಣ್ಣಿಗೆ ಸುರಕ್ಷಿತ ಎನ್ನಲು ಲಕ್ಷದಲ್ಲಿ ಸುಮಾರು ಮೂರು ಪಾಲಿಗಿಂತ ಕಮ್ಮಿ ಇರಬೇಕು. ಐಎಸ್‌ಒ 12312-2 ಗುರುತಿರುವ, ಗೀರು ಬೀಳದ ಗ್ರಹಣ ಕನ್ನಡಕ ಅಥವಾ 14ನೇ ನಂಬರಿನ ವೆಲ್ಡಿಂಗ್ ಗ್ಲಾಸ್ ಬಳಸಿ. ಇವನ್ನು ಹಾಕಿಕೊಂಡು ದುರ್ಬೀನಿನಲ್ಲಿ ನೋಡಬಾರದು, ಕೂಡಿದ ಬೆಳಕು ಇವನ್ನೇ ಸುಡುತ್ತದೆ. ದುರ್ಬೀನು, ಟೆಲಿಸ್ಕೋಪಿಗೆ ಮುಂಭಾಗದಲ್ಲೇ ಸೋಲಾರ್ ಫಿಲ್ಟರ್ ಬೇಕು. ಏನೂ ಇಲ್ಲದಿದ್ದರೆ ಸೂರ್ಯನಿಗೆ ಬೆನ್ನು ಮಾಡಿ ಜರಡಿ ಹಿಡಿಯಿರಿ, ನೆಲದ ಮೇಲೆ ನೂರಾರು ಪುಟ್ಟ ಸೂರ್ಯರು ಕಾಣುತ್ತಾರೆ. 2027ರ ಆಗಸ್ಟ್ 2ರ ಸಂಜೆ ನಮ್ಮಲ್ಲಿ ಭಾಗಶಃ ಗ್ರಹಣವಿದೆ. ಜರಡಿ ಎತ್ತಿಟ್ಟುಕೊಳ್ಳಿ.

ಹಾನಿಯಾದದ್ದು ತಕ್ಷಣ ಗೊತ್ತಾಗುವುದಿಲ್ಲ. ಕೆಲವು ಗಂಟೆ ಬಿಟ್ಟು, ಕೆಲವರಿಗೆ ಮರುದಿನ ಬೆಳಗ್ಗೆ, ದೃಷ್ಟಿಯ ನಡುವೆ ಮಬ್ಬು ಇಲ್ಲವೇ ಕಪ್ಪು ಚುಕ್ಕೆ ಕಾಣುತ್ತದೆ. ಓದುವಾಗ ಪದದ ನಡುವಿನ ಅಕ್ಷರ ಮಾಯವಾಗುತ್ತದೆ, ನೇರ ಗೆರೆ ಡೊಂಕಾಗಿ ಕಾಣುತ್ತದೆ, ಬಣ್ಣ ಮಾಸಿದಂತೆ ಇರುತ್ತದೆ. ಒಂದೊಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದಿ ನೋಡಿ. ಇದಕ್ಕೆ ಖಚಿತ ಔಷಧ ಇಲ್ಲ. ಬಹಳ ಜನರಿಗೆ ಮೂರರಿಂದ ಆರು ತಿಂಗಳಲ್ಲಿ ದೃಷ್ಟಿ ಸುಧಾರಿಸುತ್ತದೆ, ಕೆಲವರಿಗೆ ಚುಕ್ಕೆ ಹಾಗೇ ಉಳಿಯುತ್ತದೆ. ಅಂಗಡಿಯಿಂದ ಯಾವುದೋ ಡ್ರಾಪ್ಸ್ ತಂದು ಹಾಕಬೇಡಿ, ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಪಾವಗಡದಲ್ಲೇ ಶಾರದಾದೇವಿ ಕಣ್ಣಿನ ಆಸ್ಪತ್ರೆ ಇದೆ, ದೊಡ್ಡ ಪರೀಕ್ಷೆ ಬೇಕಾದರೆ ಬೆಂಗಳೂರಿನ ಮಿಂಟೋ ಇದೆ.

ಚರ್ಮ ಸುಟ್ಟರೆ

ಮೊದಲು ಫೋಕಸ್‌ನಿಂದ ಈಚೆಗೆ ಬನ್ನಿ. ಬಳೆ, ಉಂಗುರ, ವಾಚು ತೆಗೆಯಿರಿ, ಊದಿಕೊಂಡರೆ ಬರುವುದಿಲ್ಲ. ಸುಟ್ಟ ಜಾಗದ ಮೇಲೆ 20 ನಿಮಿಷ ಬಿಡದೆ ತಣ್ಣೀರು ಹರಿಸಿ. ತಾರಸಿ ಟ್ಯಾಂಕಿನ ನೀರು ಮಧ್ಯಾಹ್ನ ಕಾದಿರುತ್ತದೆ, ಅದು ಬೇಡ. ಸಂಪಿನ ನೀರು ಅಥವಾ ಒಳಗಿನ ಬಿಂದಿಗೆ ನೀರನ್ನು ಚೊಂಬಿನಿಂದ ಸಣ್ಣಗೆ ಸುರಿಯುತ್ತಿರಿ. ನೀರು ಕಮ್ಮಿ ಇದ್ದರೆ ಬಕೆಟ್‌ನಲ್ಲಿ ಅದ್ದಿಟ್ಟುಕೊಳ್ಳಿ. ಐಸ್ ಇಡಬೇಡಿ. ಟೂತ್‌ಪೇಸ್ಟ್, ಬೆಣ್ಣೆ, ಅರಿಶಿನ, ಇಂಕು ಏನನ್ನೂ ಹಚ್ಚಬೇಡಿ. ಶಾಖ ಒಳಗೇ ಉಳಿಯುತ್ತದೆ, ನಂಜೂ ಆಗಬಹುದು. ಗುಳ್ಳೆ ಒಡೆಯಬೇಡಿ. ಬಟ್ಟೆ ಅಂಟಿಕೊಂಡಿದ್ದರೆ ಕೀಳಬೇಡಿ, ಸುತ್ತಲಿನದನ್ನು ಕತ್ತರಿಸಿ. ಒಗೆದ ಹತ್ತಿ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ.

ಗಾಯ ಅಂಗೈಗಿಂತ ದೊಡ್ಡದಿದ್ದರೆ, ಮುಖಕ್ಕೆ, ಕೈಬೆರಳಿಗೆ, ಕೀಲಿಗೆ ಆಗಿದ್ದರೆ, ಚಿಕ್ಕ ಮಗುವಾಗಿದ್ದರೆ 108ಕ್ಕೆ ಫೋನ್ ಮಾಡಿ. ಚಿಕ್ಕದಾಗಿದ್ದರೂ ಬೆಳ್ಳಗಾಗಿ ಅಥವಾ ಕರಕಲಾಗಿ, ಮುಟ್ಟಿದರೆ ನೋವೇ ಇಲ್ಲದಿದ್ದರೆ ಮನೆಯಲ್ಲಿ ಕೂರಬೇಡಿ. ನೋವಿಲ್ಲ ಅಂದರೆ ನರ ಸುಟ್ಟಿದೆ ಅಂತ. ಡಾಕ್ಟರಿಗೆ "ಬಿಸಿಲಿಗೆ ಸುಟ್ಟಿತು" ಅಂದರೆ ಸಾಮಾನ್ಯ ಬಿಸಿಲ ಬೇಗೆ ಅಂದುಕೊಂಡಾರು. ಡಿಶ್‌ನದೋ ಮಸೂರದ್ದೋ, ಎಷ್ಟು ಹೊತ್ತು ತಗುಲಿತು, ಆ ಹೊತ್ತಿನಲ್ಲಿ ಕಣ್ಣು ಎತ್ತ ನೋಡುತ್ತಿತ್ತು ಅನ್ನುವುದನ್ನು ಸರಿಯಾಗಿ ಹೇಳಿ.